ಜಾಲತಾಣದ ನೆತ್ತಿಯ ಮೇಲೆ ಐದಾರು ಪದ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರು ಆಲ್ಕೊಳ ವೃತ್ತವನ್ನು ಹಾದು ಹೋಗುತ್ತಾರೆ. ಇದೇ ಸಾಗರ ರಸ್ತೆಯ ಎಪಿಎಂಸಿ ಪ್ರಾಂಗಣಕ್ಕೆ ಸುತ್ತಲಿನ ತಾಲ್ಲೂಕುಗಳ ಅಡಿಕೆ ಬಂದು ಇಳಿಯುತ್ತದೆ. ಅಲ್ಲಿ ಬರೀ ‘ಅಡಿಕೆ’ ಎಂದರೆ ಮಾತು ಮುಂದೆ ಹೋಗುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆ ಹೇಳಬೇಕು. ದಿನಪತ್ರಿಕೆಯ ಧಾರಣೆ ಪಟ್ಟಿಯೂ ಇದೇ ಹೆಸರುಗಳಲ್ಲಿ ಅಚ್ಚಾಗುತ್ತದೆ. ತೋಟದವರಿಗೂ ಮಂಡಿಯವರಿಗೂ ಕೊಳ್ಳುವವರಿಗೂ ಆ ನಾಲ್ಕು ಹೆಸರು ಗೊತ್ತು. ಹೆಸರು ಕಿವಿಗೆ ಬಿದ್ದ ಕೂಡಲೇ ಮಾಲು ಎಂಥದ್ದು, ಬೆಲೆ ಯಾವ ಮಟ್ಟದ್ದು ಎಂಬ ಅಂದಾಜು ಸಿಕ್ಕಿಬಿಡುತ್ತದೆ.

ಒಂದು ಬ್ಲಾಗಿನ ಮೇಲ್ಭಾಗದಲ್ಲಿ ಅಡ್ಡಸಾಲಿನಲ್ಲಿ ಕಾಣುವ ಐದಾರು ಪದಗಳಿಂದಲೂ ಇಂಥದ್ದೇ ಕೆಲಸ ಆಗಬೇಕು. ಹೊಸದಾಗಿ ಬಂದ ಓದುಗರು ಆ ಪದಗಳನ್ನು ನೋಡಿ ‘ಇಲ್ಲಿ ಏನೇನಿದೆ, ನನಗೆ ಬೇಕಾದ್ದು ಯಾವ ಕಡೆ’ ಎಂದು ತಿಳಿದುಕೊಳ್ಳಬೇಕು. ಆದರೆ ಎಷ್ಟೋ ಕನ್ನಡ ತಾಣಗಳಲ್ಲಿ ಆ ಸಾಲು ಥೀಮ್, ಅಂದರೆ ತಾಣದ ಸಿದ್ಧ ವಿನ್ಯಾಸ, ತಯಾರಿಸಿದವರ ಕೈಯಲ್ಲೇ ಉಳಿದುಬಿಡುತ್ತದೆ. ಹೋಮ್, ಅಬೌಟ್, ಕಾಂಟ್ಯಾಕ್ಟ್ ಎಂಬ ಮೂರು ಪದ, ಪಕ್ಕದಲ್ಲಿ ‘ಅನ್‌ಕೆಟಗರೈಸ್ಡ್’ ಎಂಬ ಹಣೆಪಟ್ಟಿ. ವರ್ಷಗಟ್ಟಲೆ ಶ್ರದ್ಧೆಯಿಂದ ಬರೆದ ಲೇಖನಗಳೆಲ್ಲ ತಾರೀಖಿನ ಕೆಳಗೆ ಹೂತುಹೋಗಿರುತ್ತವೆ. ಮುಖಪುಟದಿಂದ ಜಾರಿದ ಬರಹ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೆನು ಎನ್ನುವ ಈ ಸಾಲನ್ನು ಸ್ವಂತವಾಗಿ ಕಟ್ಟಿಕೊಳ್ಳಲು ದೊಡ್ಡ ತಾಂತ್ರಿಕ ಪಾಂಡಿತ್ಯ ಬೇಡ. ಒಂದೆರಡು ಗಂಟೆ ಕಂಪ್ಯೂಟರಿನ ಮುಂದೆ, ಅದಕ್ಕೂ ಮೊದಲು ಅದಕ್ಕಿಂತ ಹೆಚ್ಚು ಹೊತ್ತು ಕಾಗದದ ಮುಂದೆ ಕೂರುವ ತಾಳ್ಮೆ ಬೇಕು.

ವಿಂಗಡಣೆಯ ಹಳೆಯ ದಾರಿ

ಅರಿವನ್ನು ವಿಂಗಡಿಸಿಡುವ ಕೆಲಸ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಆಲ್ಕೊಳದ ಮುಂದೆ ಹಾಯುವ ರಸ್ತೆ ಸಾಗರ ಮುಟ್ಟಿದ ಮೇಲೆ ಸ್ವಲ್ಪ ದೂರದಲ್ಲೇ ಕೆಳದಿ ಇದೆ. ಕೆಳದಿ ಸಂಸ್ಥಾನವನ್ನು ಆಳಿದ ಬಸವಪ್ಪ ನಾಯಕ 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನು ಮುಗಿಸಿದ. ರಾಜನೀತಿ, ಇತಿಹಾಸ, ವೈದ್ಯ, ಪಾಕ, ಸಂಗೀತ ಎಲ್ಲವೂ ಅದರಲ್ಲಿವೆ. ಇಷ್ಟೊಂದು ವಿಷಯವನ್ನು ಓದುಗರ ಕೈಗೆ ಕೊಡಲು ಆತ ಎರಡು ಹಂತದ ವ್ಯವಸ್ಥೆ ಮಾಡಿದ್ದ: ಒಂಬತ್ತು ಕಲ್ಲೋಲಗಳು, ಅವುಗಳೊಳಗೆ ಒಟ್ಟು 108 ತರಂಗಗಳು. ಮೇಲೆ ಕೆಲವೇ ದೊಡ್ಡ ವಿಭಾಗ, ಪ್ರತಿಯೊಂದರ ಕೆಳಗೆ ಸಣ್ಣ ವಿಭಾಗಗಳು. ಇಂದಿನ ಜಾಲತಾಣದ ಮೆನು ಮತ್ತು ಉಪಮೆನು ಇದೇ ಕ್ರಮವನ್ನು ಅನುಸರಿಸುತ್ತವೆ.

ವಿಂಗಡಿಸುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ವಿಂಗಡಣೆಯ ಆಕಾರ ನಿಲ್ಲುತ್ತದೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ ಇಂದಿಗೂ ಜಗತ್ತಿನ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಸಾಹಿತ್ಯಕ್ಕೆ 800ರ ಸರಣಿ. ಅಮೆರಿಕದ ಇಂಗ್ಲಿಷ್ ಸಾಹಿತ್ಯಕ್ಕೆ 810ರಿಂದ ಮುಂದಿನ ಹತ್ತು ಸಂಖ್ಯೆಗಳು ಪೂರ್ತಿಯಾಗಿ ಸಿಕ್ಕಿವೆ. ಸಾವಿರ ವರ್ಷ ದಾಟಿದ ಕನ್ನಡ ಸಾಹಿತ್ಯಕ್ಕೆ ಸಿಕ್ಕಿದ್ದು 894.814. ದಶಮಾಂಶ ಬಿಂದು ದಾಟಿ ಮೂರನೆಯ ಸ್ಥಾನಕ್ಕೆ ಹೋದ ಮೇಲಷ್ಟೇ ಕನ್ನಡಕ್ಕೆ ಜಾಗ. ಡ್ಯೂಯಿ ತನ್ನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ನೋಡಿ ಪದ್ಧತಿ ಕಟ್ಟಿದ. ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ತಯಾರಾದ ಥೀಮ್‌ಗಳು ‘ಲೈಫ್‌ಸ್ಟೈಲ್’, ‘ಟ್ರಾವೆಲ್’, ‘ಫ್ಯಾಷನ್’ ಎಂಬ ಮಾದರಿ ಮೆನು ಹೊತ್ತು ಬರುವುದಕ್ಕೂ ಕಾರಣ ಇದೇ. ಅವರಿಗೆ ತಮ್ಮ ಓದುಗರು ಗೊತ್ತು, ನಮ್ಮ ಓದುಗರು ಗೊತ್ತಿಲ್ಲ.

ಇದಕ್ಕೆ ಬೇರೆಯದೇ ಉತ್ತರ ಹುಡುಕಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣ ಪದ್ಧತಿಯನ್ನೂ ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ತರಬೇತಿ-ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಓದುಗರ ಸಮಯ ಉಳಿಯಬೇಕು ಎಂಬುದು ಅವರ ನಾಲ್ಕನೆಯ ಸೂತ್ರದ ತಿರುಳು. ಒಂದು ಪುಸ್ತಕವನ್ನು ಒಂದೇ ಗೂಡಿಗೆ ತುರುಕುವ ಬದಲು ಅದರ ಹಲವು ಮುಖಗಳನ್ನು ಬೇರೆ ಬೇರೆ ಗುರುತಿಸಬೇಕು ಎಂದು ಅವರ ಕೋಲನ್ ಪದ್ಧತಿ ಹೇಳುತ್ತದೆ. ವಿಷಯ ಒಂದು ಮುಖ, ಸ್ಥಳ ಇನ್ನೊಂದು, ಕಾಲ ಮತ್ತೊಂದು. ಬ್ಲಾಗ್ ಬರೆಯುವವರು ಕೆಟಗರಿ ಯಾವುದಾಗಬೇಕು, ಟ್ಯಾಗ್ ಯಾವುದಾಗಬೇಕು ಎಂದು ತಲೆ ಕೆರೆದುಕೊಳ್ಳುವಾಗ ಈ ಮುಖಗಳ ಲೆಕ್ಕ ನೇರವಾಗಿ ಕೈಹಿಡಿಯುತ್ತದೆ.

ವರ್ಗ ಬೇರೆ, ಮೆನು ಬೇರೆ

ಕನ್ನಡದ ಜಾಲಬರಹಕ್ಕೆ ಈಗ ಕಾಲು ಶತಮಾನ ದಾಟಿದೆ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ 1996ರಲ್ಲೇ ಬಂತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ, ಕನ್ನಡ ವಿಕಿಪೀಡಿಯ 2003ರಲ್ಲಿ, ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ತಾಣ 2005ರಲ್ಲಿ ಶುರುವಾದವು. ಯುನಿಕೋಡ್ ಬಳಕೆ ಹಬ್ಬಿದ ಮೇಲೆ ನೂರಾರು ಜನ ಮನೆಯಲ್ಲೇ ಕುಳಿತು ಬ್ಲಾಗ್ ತೆರೆದರು. ಬಹುತೇಕರು ಹಿಡಿದದ್ದು ಎರಡೇ ದಾರಿ: 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಪಾಲಾದ ಬ್ಲಾಗರ್, ಇಲ್ಲವೇ 2003ರ ಮೇ 27ರಂದು ಮೊದಲ ಆವೃತ್ತಿ ಕಂಡ ವರ್ಡ್‌ಪ್ರೆಸ್.

ಎರಡರ ಸ್ವಭಾವವೂ ಬೇರೆ. ಬ್ಲಾಗರ್‌ನಲ್ಲಿ ಇರುವುದು ಲೇಬಲ್ ಮಾತ್ರ. ಒಂದು ಲೇಬಲಿನ ಕೆಳಗೆ ಇನ್ನೊಂದನ್ನು ಇಡಲಾಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಕೆಟಗರಿಗಳಿವೆ, ಅವುಗಳಿಗೆ ಮರಿ ಕೆಟಗರಿಗಳೂ ಇರಬಹುದು. 2007ರ 2.3 ಆವೃತ್ತಿಯಿಂದ ಇವುಗಳ ಜೊತೆಗೆ ಟ್ಯಾಗ್‌ಗಳೂ ಬಂದವು. ವಿಕಿಪೀಡಿಯದ ‘ವರ್ಗ’ ಇನ್ನೂ ಸಡಿಲ. ಅಲ್ಲಿ ಒಂದು ವರ್ಗ ಎರಡು ಮೂರು ದೊಡ್ಡ ವರ್ಗಗಳ ಕೆಳಗೆ ಏಕಕಾಲಕ್ಕೆ ಸೇರಬಹುದು. ವರ್ಡ್‌ಪ್ರೆಸ್‌ನಲ್ಲಿ ಒಂದು ಕೆಟಗರಿಗೆ ಮೇಲಿನ ಕೆಟಗರಿ ಒಂದೇ.

ಮೊದಮೊದಲು ಥೀಮ್‌ಗಳು ಇರುವ ಕೆಟಗರಿಗಳನ್ನೆಲ್ಲ ತಾವೇ ಪಟ್ಟಿ ಮಾಡಿ ತೋರಿಸುತ್ತಿದ್ದವು. ಬರೆಯುವವರು ಹತ್ತು ಕೆಟಗರಿ ಮಾಡಿದ್ದರೆ ಹತ್ತೂ ಕಾಣುತ್ತಿದ್ದವು, ನಲವತ್ತು ಮಾಡಿದ್ದರೆ ನಲವತ್ತೂ. ಕ್ರಮ ಬದಲಿಸಲು, ಒಂದನ್ನು ಮರೆಮಾಡಲು ಕೋಡ್ ತಿದ್ದಬೇಕಿತ್ತು. 2010ರ ಜೂನ್‌ನಲ್ಲಿ ಬಂದ 3.0 ಆವೃತ್ತಿ ಇದನ್ನು ಬದಲಿಸಿತು. ವೂಥೀಮ್ಸ್ ಎಂಬ ಕಂಪನಿ ತನ್ನ ಗ್ರಾಹಕರಿಗಾಗಿ ಬರೆದಿದ್ದ ಮೆನು ವ್ಯವಸ್ಥೆಯ ಆಧಾರದ ಮೇಲೆ ವರ್ಡ್‌ಪ್ರೆಸ್ ತನ್ನದೇ ಮೆನು ಸಂಪಾದಕವನ್ನು ಕೊಟ್ಟಿತು. ಅಲ್ಲಿಂದ ಮುಂದೆ ಕೆಟಗರಿ ಮತ್ತು ಮೆನು ಎರಡೂ ಬೇರೆ ಬೇರೆ ವಸ್ತುಗಳಾದವು.

ಸ್ವಂತ ಮೆನು ಕಟ್ಟುವ ಕೆಲಸದ ಜೀವಾಳ ಈ ಬೇರ್ಪಡಿಕೆಯಲ್ಲೇ ಇದೆ. ಕೆಟಗರಿ ಎಂಬುದು ಬರೆಯುವವರು ತಮ್ಮ ಬರಹಗಳನ್ನು ಜೋಡಿಸಿಟ್ಟುಕೊಳ್ಳುವ ಕ್ರಮ. ಅದರಲ್ಲಿ ಎಷ್ಟು ಸೂಕ್ಷ್ಮ ಭೇದಗಳಿದ್ದರೂ ನಡೆಯುತ್ತದೆ. ಮೆನು ಮಾತ್ರ ಆ ಬರಹಗಾರರ ಪರಿಚಯವೇ ಇಲ್ಲದ ಓದುಗರಿಗೆ ತೋರಿಸುವ ದಾರಿ. ಒಳಗಿನ ಎಲ್ಲ ಗೂಡುಗಳನ್ನೂ ಅಲ್ಲಿ ಹರವಿದರೆ ಬಂದವರಿಗೆ ಯಾವ ದಾರಿಯೂ ಸಿಗದು.

ಮೊದಲು ಕಾಗದದ ಮೇಲೆ

ಶಿವಮೊಗ್ಗ ಜಿಲ್ಲೆಯ ಬಗ್ಗೆ ಬರೆಯುವ ಒಂದು ಬ್ಲಾಗ್ ಇದೆ ಎಂದುಕೊಳ್ಳೋಣ. ಬರೆಯುವವರ ಮನೆ ಆಲ್ಕೊಳದಲ್ಲಿ. ಏಳೆಂಟು ವರ್ಷಗಳಲ್ಲಿ ಮುನ್ನೂರು ಬರಹಗಳಾಗಿವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ವಿಧಾನ, ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ, ಹೆಗ್ಗೋಡಿನ ನೀನಾಸಂ ನಾಟಕ, ಕುಪ್ಪಳಿಗೆ ಹೋದ ಪ್ರವಾಸ, ಭದ್ರಾವತಿಯ ಕಾಗದ ಕಾರ್ಖಾನೆಯ ಇತಿಹಾಸ, ಕೆಲವು ಕತೆಗಳು, ಪುಸ್ತಕ ಪರಿಚಯಗಳು, ಕೆಸುವಿನೆಲೆಯ ಅಡುಗೆ.

ಮೊದಲ ಹೆಜ್ಜೆಯಾಗಿ ಈಗಿರುವ ಕೆಟಗರಿ, ಲೇಬಲ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಎಷ್ಟು ಬರಹಗಳಿವೆ ಎಂದು ಗುರುತು ಹಾಕಬೇಕು. ಕನ್ನಡದಲ್ಲಿ ಇಲ್ಲೊಂದು ವಿಶೇಷ ತೊಡಕು ಎದುರಾಗುತ್ತದೆ. ಒಂದೇ ಪದವನ್ನು ನಾವು ಎರಡು ರೀತಿ ಬರೆಯುತ್ತೇವೆ. ಒಂದು ದಿನ ‘ಕತೆ’, ಇನ್ನೊಂದು ದಿನ ‘ಕಥೆ’. ‘ಸಿನಿಮಾ’ ಮತ್ತು ‘ಸಿನೆಮಾ’, ‘ಅಂಕಣ’ ಮತ್ತು ‘ಅಂಕಣಗಳು’. ಓದುವವರಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ವರ್ಗಗಳು. ‘ಕತೆ’ ಒತ್ತಿದವರಿಗೆ ಹನ್ನೆರಡು ಬರಹ ಕಾಣುತ್ತವೆ, ಉಳಿದ ಇಪ್ಪತ್ತು ‘ಕಥೆ’ಯಲ್ಲಿ ಅಡಗಿವೆ ಎಂಬ ಸುಳಿವೇ ಅವರಿಗಿರುವುದಿಲ್ಲ. ಒಂದು ರೂಪವನ್ನು ಆರಿಸಿ, ಇನ್ನೊಂದರಲ್ಲಿರುವ ಬರಹಗಳನ್ನು ಅದಕ್ಕೆ ಸೇರಿಸಿ, ಖಾಲಿಯಾದದ್ದನ್ನು ಅಳಿಸಬೇಕು. ವರ್ಡ್‌ಪ್ರೆಸ್‌ನಲ್ಲಿ ಕೆಟಗರಿ ಅಳಿಸಿದರೆ ಬರಹಗಳು ಅಳಿಯುವುದಿಲ್ಲ. ಬೇರೆ ಕೆಟಗರಿ ಇಲ್ಲದವು ಡೀಫಾಲ್ಟ್ ಕೆಟಗರಿಗೆ ಬಂದು ಸೇರುತ್ತವೆ.

ಮುಂದಿನದು ಅಳತೆಗೋಲಿನ ಪ್ರಶ್ನೆ. ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳು ಬೆಳೆಸಿದ ಅಭ್ಯಾಸ ಪ್ರಕಾರವನ್ನು ನೋಡುವುದು: ಕತೆ, ಕವಿತೆ, ಪ್ರಬಂಧ, ವಿಮರ್ಶೆ, ವ್ಯಕ್ತಿಚಿತ್ರ. ‘ಸಂಪದ’ದಲ್ಲೂ ಬ್ಲಾಗ್ ಬರಹ, ಲೇಖನ, ಚರ್ಚೆಯ ವಿಷಯ ಎಂದು ಬರಹದ ರೂಪಕ್ಕೆ ಪ್ರಾಮುಖ್ಯವಿತ್ತು. 2013ರಲ್ಲಿ ಶುರುವಾದ ‘ಹೊನಲು’ ತಾಣ ತನ್ನ ಓದುಗರಿಗೆ ಅರಿಮೆ, ನಲ್ಬರಹ, ನಡೆ-ನುಡಿ ಎಂದು ಅಚ್ಚಗನ್ನಡದಲ್ಲೇ ದಾರಿ ತೋರಿಸಿತು. ತಾಣದ ನಿಲುವು ಏನು ಎಂಬುದು ಆ ಮೂರು ಪದಗಳಲ್ಲೇ ತಿಳಿಯುತ್ತದೆ. ವಿಷಯವನ್ನು ನೋಡಿ ವಿಂಗಡಿಸುವುದು ಇನ್ನೊಂದು ಕ್ರಮ: ಕೃಷಿ, ಇತಿಹಾಸ, ರಂಗಭೂಮಿ. ಸ್ಥಳವನ್ನು ಹಿಡಿದರೆ ಮತ್ತೊಂದು: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ ಎಂಬ ಏಳು ತಾಲ್ಲೂಕು.

ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಓದುಗರು ಮುಗ್ಗರಿಸುತ್ತಾರೆ. ‘ಇತಿಹಾಸ, ಸಾಗರ, ಪ್ರಬಂಧ’ ಎಂದು ಅಕ್ಕಪಕ್ಕ ಇಟ್ಟರೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮೇಲಿನ ಪ್ರಬಂಧವನ್ನು ಯಾವುದರಲ್ಲಿ ಹುಡುಕಬೇಕು? ಅದು ಮೂರಕ್ಕೂ ಸೇರುತ್ತದೆ. ರಂಗನಾಥನ್ ಅವರ ಮುಖಗಳ ವಿಚಾರ ನೆರವಿಗೆ ಬರುವುದು ಇಲ್ಲೇ. ಒಂದು ಮುಖವನ್ನು ಕೆಟಗರಿಯಾಗಿ, ಅಂದರೆ ಮೆನುವಿನ ಬೆನ್ನೆಲುಬಾಗಿ ಹಿಡಿಯಬೇಕು. ಉಳಿದವನ್ನು ಟ್ಯಾಗ್‌ಗಳಿಗೆ ಬಿಡಬೇಕು. ನಮ್ಮ ಉದಾಹರಣೆಯ ಬ್ಲಾಗಿಗೆ ವಿಷಯವೇ ಬೆನ್ನೆಲುಬು ಆದರೆ ತಾಲ್ಲೂಕುಗಳು ಟ್ಯಾಗ್ ಆಗುತ್ತವೆ. ಆಗ ಇಕ್ಕೇರಿಯ ಬರಹ ‘ಇತಿಹಾಸ’ದಲ್ಲಿ ಸಿಗುತ್ತದೆ, ‘ಸಾಗರ’ ಎಂಬ ಟ್ಯಾಗ್ ಒತ್ತಿದವರಿಗೂ ಸಿಗುತ್ತದೆ.

ಇನ್ನು ಹೆಸರುಗಳ ಪರೀಕ್ಷೆ. ಬರಹಗಳ ತಲೆಬರಹಗಳನ್ನು ಚೀಟಿಗಳಲ್ಲಿ ಬರೆದು, ಬ್ಲಾಗ್ ನೋಡದ ನಾಲ್ಕೈದು ಮಂದಿಗೆ ಕೊಟ್ಟು ‘ಸೇರುವಂಥವನ್ನು ಸೇರಿಸಿಡಿ, ಪ್ರತಿ ಗುಂಪಿಗೂ ಹೆಸರು ಕೊಡಿ’ ಎಂದು ಕೇಳುವ ಕ್ರಮ ಜಾಲತಾಣ ವಿನ್ಯಾಸಕರಲ್ಲಿ ಬಹುಕಾಲದಿಂದ ಇದೆ. ಮನೆಯವರು, ಪಕ್ಕದ ಮನೆಯವರು, ಕಾಲೇಜು ವಿದ್ಯಾರ್ಥಿಗಳು ಯಾರಾದರೂ ಸರಿ. ಬರೆಯುವವರು ‘ಚಿಂತನ’ ಎಂದು ಕರೆದಿದ್ದ ಗುಂಪಿಗೆ ಅವರಲ್ಲಿ ಯಾರೂ ಹೆಸರು ಕೊಡಲಾಗದೆ ಹೋದರೆ, ಆ ಗುಂಪು ಬರೆಯುವವರ ಮನಸ್ಸಿನಲ್ಲಿ ಮಾತ್ರ ಇದೆ ಎಂದರ್ಥ. ‘ಇತರೆ’, ‘ವಿವಿಧ’, ‘ಸಂಕೀರ್ಣ’ ಎಂಬ ಪದಗಳಿಂದ ಮೆನುವಿನಲ್ಲಿ ಯಾರಿಗೂ ಉಪಯೋಗವಿಲ್ಲ.

ಎಷ್ಟು ಪದ ಇರಬೇಕು? ಏಳಕ್ಕಿಂತ ಹೆಚ್ಚಿರಬಾರದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧ ಅದರ ಮೂಲ. ಆದರೆ ಮಿಲ್ಲರ್ ಹೇಳಿದ್ದು ನೆನಪಿನಲ್ಲಿ ಒಮ್ಮೆಗೆ ಎಷ್ಟು ಸಂಗತಿ ಹಿಡಿದಿಡಬಹುದು ಎಂಬುದರ ಬಗ್ಗೆ. ಮೆನು ಕಣ್ಣೆದುರೇ ಇರುತ್ತದೆ, ಅದನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ. ಕನ್ನಡದಲ್ಲಿ ಮಿತಿ ಬರುವುದು ಜಾಗದಿಂದ. ನಮ್ಮ ಪದಗಳು ಅಗಲ. ಐದೋ ಆರೋ ಪದ ಒಂದೇ ಸಾಲಿನಲ್ಲಿ ನಿಂತರೆ ಅದೇ ಹೆಚ್ಚು. ಉದಾಹರಣೆಯ ಬ್ಲಾಗಿಗೆ ‘ತೋಟ-ಗದ್ದೆ, ಇತಿಹಾಸ, ಊರು-ಕೇರಿ, ರಂಗಭೂಮಿ, ಕತೆ-ಕವಿತೆ, ಪುಸ್ತಕ’ ಎಂಬ ಆರು ಸಾಕು. ಕೆಸುವಿನೆಲೆಯ ಅಡುಗೆಗೂ ಕುಪ್ಪಳಿಯ ಪ್ರವಾಸಕ್ಕೂ ‘ಊರು-ಕೇರಿ’ಯ ಕೆಳಗೆ ಜಾಗವಿದೆ.

ಥೀಮಿನೊಳಗೆ

ಕಾಗದದ ಕೆಲಸ ಮುಗಿದ ಮೇಲೆ ಉಳಿದದ್ದು ಸಲೀಸು. ಹಳೆಯ ಬಗೆಯ ಥೀಮ್ ಇದ್ದರೆ ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡಿನ ‘ಅಪಿಯರೆನ್ಸ್’ ವಿಭಾಗದಲ್ಲಿ ‘ಮೆನೂಸ್’ ಎಂಬುದಿದೆ. ಅಲ್ಲಿ ಹೊಸ ಮೆನು ತೆರೆದು, ಎಡಬದಿಯ ಕೆಟಗರಿ ಪಟ್ಟಿಯಿಂದ ಬೇಕಾದವನ್ನು ಆರಿಸಿ ಸೇರಿಸಬೇಕು. ಎಳೆದು ಮೇಲೆ ಕೆಳಗೆ ಇಟ್ಟರೆ ಕ್ರಮ ಬದಲಾಗುತ್ತದೆ. ಸ್ವಲ್ಪ ಬಲಕ್ಕೆ ಸರಿಸಿ ಬಿಟ್ಟರೆ ಮೇಲಿನದರ ಉಪಮೆನು ಆಗುತ್ತದೆ. ಪ್ರತಿ ಅಂಶಕ್ಕೂ ‘ನ್ಯಾವಿಗೇಷನ್ ಲೇಬಲ್’ ಎಂಬ ಚೌಕವಿದೆ. ಕೆಟಗರಿಯ ಹೆಸರು ‘ಕೃಷಿ ಮತ್ತು ತೋಟಗಾರಿಕೆ’ ಎಂದಿದ್ದರೂ ಮೆನುವಿನಲ್ಲಿ ‘ತೋಟ-ಗದ್ದೆ’ ಎಂದು ತೋರಿಸುವ ಸ್ವಾತಂತ್ರ್ಯ ಸಿಗುವುದು ಈ ಪುಟ್ಟ ಚೌಕದಿಂದ. ಹೊಸ ಕೆಟಗರಿ ಸೃಷ್ಟಿಸಿದಾಗ ಅದು ತಾನಾಗಿ ಮೆನುವಿಗೆ ಬರುವುದಿಲ್ಲ; ಕೈಯಾರೆ ಸೇರಿಸಬೇಕು. ಮೆನು ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ ಒಳ್ಳೆಯ ಗುಣ ಇದು.

ಮೆನು ಎಲ್ಲಿ ಕಾಣಬೇಕು ಎಂಬುದನ್ನು ನಿರ್ಧರಿಸುವುದು ಥೀಮ್. ಥೀಮಿನ ‘ಫಂಕ್ಷನ್ಸ್’ ಎಂಬ ಕಡತದಲ್ಲಿ ಮೆನುವಿನ ಸ್ಥಾನಗಳನ್ನು ನೋಂದಾಯಿಸಿರುತ್ತಾರೆ. ‘ಹೆಡರ್’ ಕಡತದಲ್ಲಿ ಆ ಸ್ಥಾನದ ಮೆನುವನ್ನು ಕರೆಯುವ ಒಂದು ಸಾಲು ಇರುತ್ತದೆ. ಕೆಲವು ಥೀಮ್‌ಗಳಿಗೆ ಒಂದೇ ಸ್ಥಾನ. ಮೇಲ್ಗಡೆ ‘ನಮ್ಮ ಬಗ್ಗೆ, ಸಂಪರ್ಕ’ ಎಂಬ ಪುಟಗಳಿಗೊಂದು, ತಲೆಬರಹದ ಕೆಳಗೆ ಕೆಟಗರಿಗಳಿಗೆಂದೇ ಇನ್ನೊಂದು ಸಾಲು ಬೇಕೆಂದರೆ ಎರಡನೆಯ ಸ್ಥಾನವನ್ನು ನೋಂದಾಯಿಸಿ, ಹೆಡರಿನಲ್ಲಿ ಕರೆಯಬೇಕು. ಒಟ್ಟು ಕೋಡ್ ಹತ್ತು ಸಾಲು ದಾಟುವುದಿಲ್ಲ.

ಈ ತಿದ್ದುಪಡಿಯನ್ನು ಮೂಲ ಥೀಮಿನಲ್ಲಿ ಎಂದೂ ಮಾಡಬಾರದು. ಥೀಮಿನ ಹೊಸ ಆವೃತ್ತಿ ಬಂದು ಅಪ್‌ಡೇಟ್ ಒತ್ತಿದ ಕ್ಷಣ ಹಳೆಯ ಕಡತಗಳೆಲ್ಲ ಅಳಿಸಿಹೋಗಿ, ಶ್ರಮ ನೀರುಪಾಲಾಗುತ್ತದೆ. ಅದಕ್ಕಾಗಿ ‘ಚೈಲ್ಡ್ ಥೀಮ್’ ಎಂಬ ವ್ಯವಸ್ಥೆ ಇದೆ. ಒಂದು ಹೊಸ ಫೋಲ್ಡರ್, ಅದರಲ್ಲಿ ತಾಯಿ ಥೀಮ್ ಯಾವುದು ಎಂದು ಹೇಳುವ ಒಂದು ಸ್ಟೈಲ್ ಕಡತ, ಬೇಕಿದ್ದರೆ ಒಂದು ಫಂಕ್ಷನ್ಸ್ ಕಡತ. ನಾವು ಬದಲಿಸಿದ್ದು ಇಲ್ಲಿರುತ್ತದೆ, ಉಳಿದದ್ದನ್ನು ವರ್ಡ್‌ಪ್ರೆಸ್ ತಾಯಿ ಥೀಮಿನಿಂದ ತೆಗೆದುಕೊಳ್ಳುತ್ತದೆ. 2022ರ ಜನವರಿಯಲ್ಲಿ ಬಂದ 5.9 ಆವೃತ್ತಿಯಿಂದ ‘ಬ್ಲಾಕ್ ಥೀಮ್’ಗಳು ಬಳಕೆಗೆ ಬಂದಿವೆ. ಅವುಗಳಲ್ಲಿ ‘ನ್ಯಾವಿಗೇಷನ್’ ಎಂಬ ಬ್ಲಾಕನ್ನು ಪುಟದ ಮೇಲೆಯೇ ಇಟ್ಟು ಮೆನು ಕಟ್ಟಬಹುದು. ಕೋಡ್ ಮುಟ್ಟುವ ಅಗತ್ಯವೇ ಬಾರದು.

ಬ್ಲಾಗರ್ ಬಳಸುವವರೂ ಕೈಚೆಲ್ಲಬೇಕಿಲ್ಲ. ಪ್ರತಿ ಲೇಬಲಿಗೂ ಒಂದು ವಿಳಾಸವಿದೆ: ಬ್ಲಾಗಿನ ವಿಳಾಸ, ನಂತರ ‘ಸರ್ಚ್’, ‘ಲೇಬಲ್’ ಎಂಬ ಎರಡು ಇಂಗ್ಲಿಷ್ ಪದ, ಕೊನೆಗೆ ಲೇಬಲಿನ ಹೆಸರು. ‘ಲೇಔಟ್’ ವಿಭಾಗದಲ್ಲಿ ‘ಲಿಂಕ್ ಲಿಸ್ಟ್’ ಗ್ಯಾಜೆಟ್ ತೆಗೆದುಕೊಂಡು ಇಂಥ ಆರು ಕೊಂಡಿಗಳನ್ನು ತುಂಬಿ ತಲೆಬರಹದ ಕೆಳಗಿಟ್ಟರೆ ಕೆಟಗರಿ ಮೆನು ಸಿದ್ಧ.

ಕನ್ನಡ ಲಿಪಿಗೆ ಬೇಕಾದ ಜಾಗ

ಇಂಗ್ಲಿಷಿಗೆಂದು ತಯಾರಾದ ಥೀಮನ್ನು ಕನ್ನಡಕ್ಕೆ ತೊಡಿಸಿದಾಗ ಕೆಲವು ಕಡೆ ಬಿಗಿಯಾಗುತ್ತದೆ. ಕೆಟಗರಿಯ ವಿಳಾಸವನ್ನೇ ನೋಡಿ. ವರ್ಡ್‌ಪ್ರೆಸ್ ಕೆಟಗರಿಯ ಹೆಸರಿನಿಂದ ‘ಸ್ಲಗ್’ ಎಂಬ ಕಿರುವಿಳಾಸ ತಯಾರಿಸುತ್ತದೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಜಾಲವಿಳಾಸದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರಗಳಲ್ಲಿ ಬರೆಯಲಾಗುತ್ತದೆ. ಅಂದರೆ ಒಂದು ಕನ್ನಡ ಸಂಕೇತಕ್ಕೆ ಒಂಬತ್ತು ಅಕ್ಷರ. ‘ಕೃಷಿ’ ಎಂಬ ಪುಟ್ಟ ಪದದಲ್ಲಿ ಕ, ಋಕಾರದ ಗುರುತು, ಷ, ಗುಡಿಸು ಎಂದು ನಾಲ್ಕು ಸಂಕೇತಗಳಿವೆ. ವಿಳಾಸದಲ್ಲಿ ಅದು 36 ಅಕ್ಷರವಾಗುತ್ತದೆ. ಸ್ಲಗ್‌ಗೆ ವರ್ಡ್‌ಪ್ರೆಸ್ ಕೊಟ್ಟಿರುವ ಮಿತಿ 200. ‘ವಿಜ್ಞಾನ ಮತ್ತು ತಂತ್ರಜ್ಞಾನ’ ಎಂಬ ಹೆಸರಿನಲ್ಲಿ 22 ಸಂಕೇತಗಳು, ಪದಗಳ ನಡುವೆ ಎರಡು ಗೆರೆ. ಲೆಕ್ಕ ಸರಿಯಾಗಿ 200ಕ್ಕೆ ಮುಟ್ಟುತ್ತದೆ. ಇದಕ್ಕಿಂತ ಉದ್ದದ ಹೆಸರಾದರೆ ಬಾಲ ಕತ್ತರಿಸಿಹೋಗುತ್ತದೆ.

ಬ್ರೌಸರಿನಲ್ಲಿ ಆ ವಿಳಾಸ ಕನ್ನಡದಲ್ಲೇ ಚೆನ್ನಾಗಿ ಕಾಣಬಹುದು. ಅದನ್ನು ನಕಲಿಸಿ ವಾಟ್ಸ್ಆ್ಯಪ್‌ಗೆ ಹಾಕಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಬೀಳುತ್ತದೆ, ನೋಡಿದವರು ಏನೋ ವೈರಸ್ ಎಂದು ಹೆದರುತ್ತಾರೆ. ಇದಕ್ಕೆ ಉಪಾಯ ಸುಲಭ. ಕೆಟಗರಿಯ ಹೆಸರು ಕನ್ನಡದಲ್ಲೇ ಇರಲಿ. ಸ್ಲಗ್ ಚೌಕದಲ್ಲಿ ಮಾತ್ರ ಅದೇ ಪದವನ್ನು ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯಬೇಕು. ಇದನ್ನು ಶುರುವಿನಲ್ಲೇ ಮಾಡಿಬಿಡುವುದು ಲೇಸು. ಬರಹದ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ಕಳಿಸುತ್ತದೆ. ಕೆಟಗರಿಯ ಸ್ಲಗ್ ಬದಲಿಸಿದರೆ ಆ ಸೌಲಭ್ಯವಿಲ್ಲ. ಹಳೆಯ ಕೊಂಡಿ ಹಿಡಿದು ಬಂದವರಿಗೆ ‘ಪುಟ ಸಿಗಲಿಲ್ಲ’ ಎಂಬ ಸಂದೇಶವೇ ಗತಿ.

ರೂಪದ ವಿಚಾರಕ್ಕೆ ಬಂದರೆ ಮೊದಲ ಪೆಟ್ಟು ಬೀಳುವುದು ಒತ್ತಕ್ಷರಕ್ಕೆ. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದು ಮಾಡಿದ ಮೆನು ಪಟ್ಟಿಯಲ್ಲಿ ‘ಪುಸ್ತಕ’ದ ತಕಾರದ ಒತ್ತು, ‘ಶಾಸ್ತ್ರ’ದ ಎರಡು ಒತ್ತುಗಳು ಕೆಳಗೆ ಕತ್ತರಿಸಿದಂತೆ ಕಾಣುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೂ ಹೆಚ್ಚು ಕೊಟ್ಟು, ಪಟ್ಟಿಯ ಎತ್ತರವನ್ನು ಇಂತಿಷ್ಟೇ ಎಂದು ಕಟ್ಟಿಹಾಕದೆ ಬಿಟ್ಟರೆ ಒತ್ತುಗಳು ಉಸಿರಾಡುತ್ತವೆ. ಎಷ್ಟೋ ಥೀಮ್‌ಗಳು ಮೆನುವನ್ನು ಎದ್ದು ಕಾಣಿಸಲು ದೊಡ್ಡಕ್ಷರ ಮಾಡಿ, ಅಕ್ಷರಗಳ ನಡುವೆ ಅಂತರ ಹಿಗ್ಗಿಸುತ್ತವೆ. ಕನ್ನಡಕ್ಕೆ ದೊಡ್ಡಕ್ಷರ-ಚಿಕ್ಕಕ್ಷರದ ಭೇದವಿಲ್ಲ, ಆದ್ದರಿಂದ ಮೊದಲನೆಯದರಿಂದ ಏನೂ ಆಗದು. ಎರಡನೆಯದರಿಂದ ಪದ ಒಡೆದು ಚದುರಿದಂತೆ ಕಾಣುತ್ತದೆ. ಅಂತರವನ್ನು ಸೊನ್ನೆ ಮಾಡಿ, ಅಕ್ಷರವನ್ನು ತುಸು ದಪ್ಪ ಮಾಡುವುದು ಒಳ್ಳೆಯದು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡದಂಥ ಉಚಿತ ಫಾಂಟುಗಳು ಈಗ ಎಲ್ಲರಿಗೂ ಸಿಗುತ್ತವೆ.

ವಿಭಕ್ತಿಯ ತೊಡಕು ಇನ್ನೂ ಸೂಕ್ಷ್ಮ. ಇಂಗ್ಲಿಷ್ ಥೀಮ್ ಕೆಟಗರಿಯ ಹೆಸರನ್ನು ಹಾಗೇ ಎತ್ತಿ ಒಂದು ವಾಕ್ಯದೊಳಗೆ ಕೂರಿಸುತ್ತದೆ, ಹೆಸರು ಯಾವುದಿದ್ದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ‘ಕೃಷಿಯಲ್ಲಿ’, ‘ಇತಿಹಾಸದಲ್ಲಿ’, ‘ಊರಿನಲ್ಲಿ’ ಎಂದು ಪದಕ್ಕೆ ತಕ್ಕಂತೆ ಪ್ರತ್ಯಯದ ಮುಂದೆ ಯಕಾರವೋ ದಕಾರವೋ ಇನವೋ ಬರುತ್ತದೆ. ಥೀಮಿನ ಅನುವಾದದಲ್ಲಿ ಎಲ್ಲಕ್ಕೂ ‘ದಲ್ಲಿ’ ಅಂಟಿಸಿದರೆ ‘ಕೃಷಿ ದಲ್ಲಿ ಇರುವ ಬರಹಗಳು’ ಎಂಬ ವಿಕಾರ ಹುಟ್ಟುತ್ತದೆ. ಪ್ರತ್ಯಯದ ಗೊಡವೆಯೇ ಇಲ್ಲದ ‘ವರ್ಗ: ಕೃಷಿ’ ಎಂಬ ರೂಪ ಎಲ್ಲ ಪದಕ್ಕೂ ಹೊಂದುತ್ತದೆ. ಅನುವಾದ ಕಡತದಲ್ಲಿ ಆ ಒಂದು ಸಾಲು ತಿದ್ದಿದರೆ ಸಾಕು.

ಅಕಾರಾದಿಯ ಮೇಲೂ ಒಂದು ಕಣ್ಣಿರಲಿ. ನಮ್ಮ ನಿಘಂಟುಗಳಲ್ಲಿ ‘ಳ’ ಬರುವುದು ‘ಹ’ಕಾರದ ನಂತರ. ಯುನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ‘ಲ’ಕಾರದ ಪಕ್ಕದಲ್ಲೇ ಕುಳಿತಿದೆ. ಬರೀ ಸಂಕೇತದ ಕ್ರಮ ನೋಡಿ ಜೋಡಿಸಿದರೆ ‘ಕಲೆ, ಕಳೆ, ಕವಿತೆ’ ಎಂದಾಗುತ್ತದೆ. ಕನ್ನಡ ನಿಘಂಟಿನ ಕ್ರಮ ‘ಕಲೆ, ಕವಿತೆ, ಕಳೆ’. ಹೇಗಿದ್ದರೂ ಆರು ಪದಗಳ ಮೆನುವಿಗೆ ಅಕಾರಾದಿ ಬೇಡ. ಓದುಗರು ಹೆಚ್ಚು ಹುಡುಕಿಕೊಂಡು ಬರುವ ವಿಷಯ ಎಡತುದಿಯಲ್ಲಿ ಇದ್ದರೆ ಒಳ್ಳೆಯದು.

ಕಣ್ಣಿಗೆ ಕಾಣದ ಒಂದು ಗುರುತನ್ನು ಬಹಳ ಮಂದಿ ಮರೆಯುತ್ತಾರೆ. ಪ್ರತಿ ಪುಟದ ಒಳಗೂ ಅದರ ಭಾಷೆ ಯಾವುದೆಂದು ಹೇಳುವ ಸಂಕೇತವಿರುತ್ತದೆ, ಕನ್ನಡಕ್ಕೆ ‘ಕೆಎನ್’. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ತಾಣದ ಭಾಷೆಯನ್ನು ಇಂಗ್ಲಿಷಿಗೇ ಬಿಟ್ಟಿದ್ದರೆ ಪುಟ ತನ್ನನ್ನು ಇಂಗ್ಲಿಷ್ ಪುಟ ಎಂದೇ ಹೇಳಿಕೊಳ್ಳುತ್ತದೆ. ದೃಷ್ಟಿದೋಷವಿರುವ ಓದುಗರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶಗಳು ಈ ಗುರುತು ನೋಡಿ ಧ್ವನಿ ಆರಿಸಿಕೊಳ್ಳುತ್ತವೆ. ಗುರುತು ತಪ್ಪಿದ್ದರೆ ‘ಇತಿಹಾಸ’ ಎಂಬ ಪದ ಇಂಗ್ಲಿಷ್ ಧ್ವನಿಯ ಕೈಗೆ ಸಿಕ್ಕಿ ಅರ್ಥವಾಗದ ಸದ್ದಾಗಬಹುದು, ಇಲ್ಲವೇ ಮೌನವಾಗಬಹುದು. ಭಾಷೆಯನ್ನು ಕನ್ನಡಕ್ಕೆ ಬದಲಿಸಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಒಂದಿಡೀ ಓದುಗ ಸಮುದಾಯಕ್ಕೆ ಬಾಗಿಲು ತೆರೆಯುತ್ತದೆ.

ಅಂಗೈಯಗಲದ ಪರದೆ

ಇಂದು ಹೆಚ್ಚಿನ ಓದುಗರು ಬರುವುದು ಫೋನಿನಿಂದ. ಅಲ್ಲಿ ಥೀಮ್‌ಗಳು ಮೆನುವನ್ನು ಮಡಚಿ ಮೂರು ಅಡ್ಡಗೆರೆಗಳ ಗುರುತಿನ ಹಿಂದೆ ಬಚ್ಚಿಡುತ್ತವೆ. ಈ ಗುರುತು ಮೊಬೈಲಿಗಿಂತ ಬಹಳ ಹಳೆಯದು. 1981ರಲ್ಲಿ ಬಂದ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಇದನ್ನು ಚಿತ್ರಿಸಿದರು. ಜಾಗ ಉಳಿಸುವುದರಲ್ಲಿ ಇದು ನಿಸ್ಸೀಮ. ಆದರೆ ಹೀಗೆ ಮರೆಯಾದ ಮೆನುವನ್ನು ಜನ ಕಡಿಮೆ ಬಳಸುತ್ತಾರೆ ಎಂಬುದು ಬಳಕೆದಾರರ ನಡವಳಿಕೆಯನ್ನು ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂತು.

ಆರೇ ಪದಗಳಿರುವ ಮೆನುವಿಗೆ ಅಡಗಿಕೊಳ್ಳುವ ಅಗತ್ಯವಿಲ್ಲ. ಫೋನಿನಲ್ಲೂ ತಲೆಬರಹದ ಕೆಳಗೆ ಒಂದೇ ಸಾಲಿನಲ್ಲಿ ಇಟ್ಟು, ಬೆರಳಿನಿಂದ ಪಕ್ಕಕ್ಕೆ ಸರಿಸುವಂತೆ ಮಾಡಬಹುದು. ಕೊನೆಯ ಪದ ಅರ್ಧ ಕಾಣುವಂತಿದ್ದರೆ ಮುಂದೆ ಇನ್ನೂ ಇದೆ ಎಂದು ಓದುಗರಿಗೆ ಹೊಳೆಯುತ್ತದೆ. ಇಲ್ಲವೇ ಎರಡು ಸಾಲಿನಲ್ಲಿ ಮೂರು ಮೂರು ಪದ ಜೋಡಿಸಬಹುದು. ಒತ್ತುವ ಜಾಗ ಬೆರಳಿಗೆ ಸಾಲುವಷ್ಟಿರಬೇಕು. 2023ರ ಅಕ್ಟೋಬರಿನಲ್ಲಿ ಅಂತಿಮಗೊಂಡ ಡಬ್ಲ್ಯುಸಿಎಜಿ 2.2 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಹೇಳುತ್ತದೆ, 44 ಇದ್ದರೆ ಇನ್ನೂ ಅನುಕೂಲ. ಮೌಸ್ ಬಾಣ ಮೇಲೆ ಹೋದಾಗ ಮಾತ್ರ ಇಳಿಯುವ ಉಪಮೆನು ಫೋನಿನಲ್ಲಿ ಕೆಲಸಕ್ಕೆ ಬಾರದು, ಅಲ್ಲಿ ಬಾಣವೇ ಇಲ್ಲ. ಉಪಮೆನು ಬೇಕೇ ಬೇಕೆಂದರೆ ಪಕ್ಕದಲ್ಲಿ ಒತ್ತಿ ತೆರೆಯುವ ಗುರುತು ಕೊಡಬೇಕು. ಓದುಗರು ಈಗ ಯಾವ ವರ್ಗದಲ್ಲಿದ್ದಾರೆ ಎಂಬುದನ್ನು ಬೇರೆ ಬಣ್ಣದಲ್ಲಿ ತೋರಿಸುವುದೂ ಮುಖ್ಯ. ವರ್ಡ್‌ಪ್ರೆಸ್ ಚಾಲ್ತಿಯಲ್ಲಿರುವ ಅಂಶಕ್ಕೆ ತಾನಾಗಿಯೇ ಒಂದು ಗುರುತು ಹಚ್ಚುತ್ತದೆ; ಸ್ಟೈಲ್ ಕಡತದಲ್ಲಿ ಆ ಗುರುತಿಗೆ ಬಣ್ಣ ಹೇಳಿದರೆ ಮುಗಿಯಿತು. ಬಣ್ಣದ ಜೊತೆ ಕೆಳಗೊಂದು ಗೆರೆಯೂ ಇದ್ದರೆ ಬಣ್ಣ ಗುರುತಿಸಲಾಗದವರಿಗೂ ತಿಳಿಯುತ್ತದೆ.

ಒತ್ತಿದ ಮೇಲೆ ತೆರೆಯುವ ಪುಟ

ಮೆನು ಕಟ್ಟಿದವರು ಅಲ್ಲಿಗೇ ನಿಲ್ಲಿಸಿಬಿಡುವುದುಂಟು. ಓದುಗರ ಮಟ್ಟಿಗೆ ಪಯಣ ಶುರುವಾಗುವುದೇ ಒತ್ತಿದ ಮೇಲೆ. ಪ್ರತಿ ಕೆಟಗರಿಗೂ ‘ಡಿಸ್ಕ್ರಿಪ್ಷನ್’ ಬರೆಯುವ ಚೌಕವನ್ನು ವರ್ಡ್‌ಪ್ರೆಸ್ ಕೊಟ್ಟಿದೆ, ಬಹುಪಾಲು ತಾಣಗಳಲ್ಲಿ ಅದು ಖಾಲಿ. ‘ತೋಟ-ಗದ್ದೆ’ ಒತ್ತಿದವರಿಗೆ ಮೊದಲು ಮೂರು ಸಾಲು ಕಾಣಲಿ: ಮಲೆನಾಡಿನ ಅಡಿಕೆ, ಭತ್ತ, ಏಲಕ್ಕಿ, ಕಾಳುಮೆಣಸಿನ ಬಗೆಗಿನ ಬರಹಗಳು ಇಲ್ಲಿವೆ, ರೋಗ ನಿರ್ವಹಣೆಯ ಬರಹಗಳನ್ನು ಮೊದಲು ಓದಿ, ಹೀಗೆ. ಹುಡುಕು ಯಂತ್ರಗಳಿಗೂ ಈ ಸಾಲುಗಳಿಂದ ಪುಟ ಯಾವುದರ ಬಗ್ಗೆ ಎಂದು ತಿಳಿಯುತ್ತದೆ. ಒಂದೇ ಕೆಟಗರಿಗೆಂದು ಬೇರೆ ವಿನ್ಯಾಸ ಬೇಕಿದ್ದರೆ, ಆ ಕೆಟಗರಿಯ ಸ್ಲಗ್ ಹೆಸರಿನಲ್ಲೇ ಒಂದು ಟೆಂಪ್ಲೇಟ್ ಕಡತ ಬರೆದಿಟ್ಟರೆ ವರ್ಡ್‌ಪ್ರೆಸ್ ಅದನ್ನು ತಾನಾಗಿ ಎತ್ತಿಕೊಳ್ಳುತ್ತದೆ. ಪುಸ್ತಕ ಪರಿಚಯಗಳಿಗೆ ರಕ್ಷಾಪುಟಗಳ ಚೌಕಗಳು, ಕವಿತೆಗಳಿಗೆ ಬರೀ ಶೀರ್ಷಿಕೆಗಳ ಪಟ್ಟಿ ಎಂದು ಒಂದೊಂದಕ್ಕೂ ಒಪ್ಪುವ ರೂಪ ಕೊಡಬಹುದು.

ಬರಹಗಳ ಕ್ರಮವನ್ನೂ ಯೋಚಿಸಬೇಕು. ಕೆಟಗರಿ ಪುಟದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ ಎಂಬುದು ರೂಢಿ. ಸುದ್ದಿಗೆ ಅದು ಸರಿ, ಸರಣಿಗೆ ತಲೆಕೆಳಗು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಅವುಗಳ ಸುತ್ತ ಬೆಳೆದ ಊರು, ಕಾರ್ಮಿಕರ ಬದುಕು ಎಂದು ಹನ್ನೆರಡು ಕಂತುಗಳ ಸರಣಿ ಬರೆದಿದ್ದರೆ, ಆ ವರ್ಗದ ಕೊಂಡಿ ಒತ್ತಿದ ಹೊಸ ಓದುಗರಿಗೆ ಮೊದಲು ಎದುರಾಗುವುದು ಹನ್ನೆರಡನೆಯ ಕಂತು. ಕತೆಯ ತುದಿ ಹಿಡಿದು ಹಿಂದಕ್ಕೆ ನಡೆಯಬೇಕು. ಪುಟ ತೆರೆಯುವ ಮುನ್ನ ವರ್ಡ್‌ಪ್ರೆಸ್ ಬರಹಗಳನ್ನು ಕೇಳಿ ಪಡೆಯುವ ಘಟ್ಟದಲ್ಲಿ, ಈ ಒಂದು ಕೆಟಗರಿಗೆ ಮಾತ್ರ ತಾರೀಖಿನ ಕ್ರಮವನ್ನು ಹಿಂದುಮುಂದು ಮಾಡುವ ಏಳೆಂಟು ಸಾಲಿನ ಕೋಡನ್ನು ಚೈಲ್ಡ್ ಥೀಮಿಗೆ ಸೇರಿಸಬಹುದು. ಆಗ ಮೆನುವಿನಲ್ಲಿ ‘ಭದ್ರಾವತಿಯ ಕಾರ್ಖಾನೆಗಳು’ ಎಂಬುದನ್ನು ಒತ್ತಿದವರು ಮೊದಲ ಕಂತಿನಿಂದಲೇ ಓದು ಶುರುಮಾಡುತ್ತಾರೆ.